ಸ್ಕಾಟ್ಲೆಂಡಿನ ಚಾಪ್‌ಬುಕ್ ಪ್ರೇಮಗೀತೆಗಳು: ಒಂದೇ ಹಾಡಿಗೆ ಎರಡು ಪಾಠ, ಯಾವುದನ್ನು ಹಿಡಿಯೋದು?

ತೊರೆದಡ:
ಹಳೇ ಸ್ಕಾಟಿಷ್ ಚಾಪ್‌ಬುಕ್‌ಗಳಲ್ಲಿರೋ (ಊರೂರು ತಿರುಗಿ ಮಾರುತ್ತಿದ್ದ ಅಗ್ಗದ ಪುಟ್ಟ ಪುಸ್ತಕಗಳು) ಒಲವಿನ ಹಾಡುಗಳನ್ನು ಕನ್ನಡಕ್ಕೆ ತರೋಕೆ ಕೂತರೆ ಮೂರು ತೊಡಕು. ಒಂದೇ ಹಾಡು ಎರಡು ಊರಲ್ಲಿ ಅಚ್ಚಾಗಿದ್ದರೆ, ಒಂದರಲ್ಲಿರೋ ನಾಲ್ಕೈದು ಚರಣ ಇನ್ನೊಂದರಲ್ಲಿ ಇರೋದಿಲ್ಲ. ಮುಖಪುಟದಲ್ಲಿ ಎಷ್ಟೋ ಸಲ ಇಸವಿಯೇ ಇಲ್ಲ. ಇನ್ನು ಹುಡುಗ ಆಣೆ ಮಾಡಿದ, ಮಾತು ಕೊಟ್ಟ ಅನ್ನೋದು ಹಾಡು ಹಾಡಿಗೂ ಬರುತ್ತೆ. ಸವೆದುಹೋದ ಸಾಲು ಅಂತ ಅದನ್ನು ಹಗುರ ಮಾಡಿ ಅನುವಾದಿಸಬಹುದಾ? ಪದಕೋಶ ಯಾವುದು ನೋಡಬೇಕು ಅಂತಲೂ ತಿಳಿದವರು ಹೇಳಿ.

ಮಡಿಕೆ_ಎಂಟು:
ಮೊದಲನೇದಕ್ಕೆ ಉತ್ತರ ಹಾಡಿನಲ್ಲಿ ಹುಡುಕಬೇಡಿ, ಕಾಗದದಲ್ಲಿ ಹುಡುಕಿ.

ಹಾಡಿನ ಚಾಪ್‌ಬುಕ್ ಅಂದರೆ ಬಹುಪಾಲು 8 ಪುಟ. ಉದ್ದ ಹದಿನೈದು ಹದಿನಾರು ಸೆಂಟಿಮೀಟರ್, ಅಗಲ ಒಂಬತ್ತು ಹತ್ತು. ಬೆಲೆ ಅರ್ಧ ಪೆನ್ನಿ, ಇಲ್ಲಾ ಒಂದು ಪೆನ್ನಿ. ಅಚ್ಚು ಹಾಕೋ ಸುಲಭದ ದಾರಿ ಹೀಗೆ: ಎಂಟೂ ಪುಟಗಳ ಅಚ್ಚುಮೊಳೆಯನ್ನು ಒಂದೇ ಫಾರಂನಲ್ಲಿ, ಅಂದರೆ ಚೌಕಟ್ಟಿನಲ್ಲಿ, ಬಿಗಿದು ಇಡೀ ಹಾಳೆಯ ಒಂದು ಮಗ್ಗುಲಿಗೆ ಅಚ್ಚು ಹಾಕೋದು. ಹಾಳೆ ತಿರುವಿ ಅದೇ ಫಾರಂ ಅನ್ನು ಹಿಂಬದಿಗೂ ಹಾಕೋದು. ನಡುವೆ ಕತ್ತರಿಸಿದರೆ ಎರಡು ಪ್ರತಿ. ಪ್ರತಿ ತುಂಡನ್ನು ಎರಡು ಸಲ ಮಡಿಸಿದರೆ ನಾಲ್ಕು ಎಲೆ, ಎಂಟು ಪುಟ. ಎಷ್ಟೋ ಸಲ ಹೊಲಿಗೆಯೂ ಇಲ್ಲ, ಅಂಚು ಕತ್ತರಿಸೋದೂ ಇಲ್ಲ. ಅದು ಕೊಂಡವರ ಪಾಡು.

ಈಗ ಲೆಕ್ಕ ಹಾಕಿ. ಮೊದಲ ಪುಟವನ್ನು ಹೆಸರು, ಮರದ ಬ್ಲಾಕಿನ ಚಿತ್ರ, ಅಚ್ಚಾದ ಊರು ತಿಂದುಹಾಕುತ್ತವೆ. ಉಳಿದದ್ದು ಏಳು ಪುಟ. ಪುಟಕ್ಕೆ ನಾಲ್ಕು ಸಾಲಿನ ಏಳೆಂಟು ಚರಣ ಅಂದುಕೊಂಡರೆ ಐವತ್ತು ಚಿಲ್ಲರೆ ಚರಣ. ಇದಕ್ಕಿಂತ ಒಂದು ಸಾಲು ಹೆಚ್ಚಾದರೂ ಜಾಗವಿಲ್ಲ, ಕಡಿಮೆಯಾದರೆ ಬೋಳು ಕಾಣುತ್ತೆ. ಅದಕ್ಕೇ ಮುಖಪುಟದಲ್ಲಿ ದೊಡ್ಡ ಹಾಡಿನ ಹೆಸರು ಹಾಕಿ, ಕೆಳಗೆ "ಇದರೊಂದಿಗೆ ಸೇರಿಸಿರುವವು" ಅಂತ ಎರಡು ಮೂರು ಸಣ್ಣ ಹಾಡಿನ ಪಟ್ಟಿ ಕೊಡೋದು. ಕೊನೇ ಪುಟದಲ್ಲಿ ಹಾಡು ಉದ್ದವಾಯ್ತು ಅಂದರೆ ಮೊಳೆ ಜೋಡಿಸೋನು ಚರಣ ಬಿಟ್ಟ. ಗಿಡ್ಡವಾಯ್ತು ಅಂದರೆ ಇನ್ಯಾವುದೋ ಪುಟ್ಟ ಹಾಡು ತುರುಕಿದ, ಇಲ್ಲಾ ಹೂಬಳ್ಳಿಯ ಬ್ಲಾಕ್ ಇಟ್ಟ.

ಆದ್ದರಿಂದ ನಿಮ್ಮ ಎರಡು ಪಾಠಗಳಲ್ಲಿ "ಯಾವುದು ಸರಿ" ಅನ್ನೋ ಪ್ರಶ್ನೆಗಿಂತ "ಇದು ಎಷ್ಟನೇ ಹಾಡು, ಎಷ್ಟನೇ ಪುಟದಲ್ಲಿ ಮುಗಿಯುತ್ತೆ" ಅನ್ನೋ ಪ್ರಶ್ನೆ ಕೇಳಿ. 8ನೇ ಪುಟದ ತಳದಲ್ಲಿ ಮುಗಿಯೋ ಹಾಡಿನ ಚರಣ ಕಮ್ಮಿ ಇದ್ದರೆ ಮೊದಲ ಅನುಮಾನ ಕತ್ತರಿಯ ಮೇಲೆ. ಮೊದಲ ಹಾಡಾಗಿ 2ನೇ ಪುಟದಲ್ಲಿ ಶುರುವಾಗೋದನ್ನು ಹೆಚ್ಚು ನಂಬಬಹುದು. ಎರಡನ್ನೂ ಕಲಸಿ ಒಂದು "ಪೂರ್ಣ ಪಾಠ" ಮಾಡೋದು ಮಾತ್ರ ಬೇಡ. ಹಾಗೆ ಮಾಡಿದರೆ ಯಾರೂ ಹಾಡದ, ಯಾರೂ ಅಚ್ಚು ಹಾಕದ ಮೂರನೇ ಹಾಡೊಂದು ಹುಟ್ಟುತ್ತೆ.

ಕಾಗದಹುಳು:
ಇಸವಿಯ ವಿಷಯ. ಮುಖಪುಟದಲ್ಲಿ "ಈ ವರ್ಷ ಅಚ್ಚಾಯಿತು" ಅಂತಷ್ಟೇ ಇದ್ದರೆ ಅದು ಮರೆವಲ್ಲ, ವ್ಯಾಪಾರ. ಹತ್ತು ವರ್ಷ ಚೀಲದಲ್ಲಿ ಕೊಳೆತರೂ ಸರಕು ಹೊಸದೇ. "ಅಪ್ಪಣೆಯ ಪ್ರಕಾರ ದಾಖಲಾಗಿದೆ" ಅನ್ನೋ ಸಾಲೂ ಹಾಗೇ, ಹೆಚ್ಚಿನ ಕಡೆ ಬರೀ ಗತ್ತು. ಅದನ್ನು ನಂಬಿ ದಾಖಲೆ ಪುಸ್ತಕ ಹುಡುಕಲು ಹೋಗಬೇಡಿ.

ನಂಬಬಹುದಾದವು ಇಷ್ಟು. ಅಚ್ಚು ಹಾಕಿದವರ ಹೆಸರಿದ್ದರೆ ಅವರ ಕಸುಬಿನ ಕಾಲ ಗೊತ್ತಾಗುತ್ತೆ: ಗ್ಲಾಸ್ಗೋದ ಸಾಲ್ಟ್‌ಮಾರ್ಕೆಟ್‌ನಲ್ಲಿ ಜೆ. ಅಂಡ್ ಎಂ. ರಾಬರ್ಟ್‌ಸನ್, ಫಾಲ್ಕರ್ಕ್‌ನಲ್ಲಿ ಟಿ. ಜಾನ್‌ಸ್ಟನ್, ಎಡಿನ್‌ಬರೋದ ಕೌಗೇಟ್‌ನಲ್ಲಿ ಜೆ. ಮಾರೆನ್, ಪೇಸ್ಲಿಯಲ್ಲಿ ಕಾಲ್ಡ್‌ವೆಲ್, ಕಿಲ್ಮಾರ್ನಕ್‌ನಲ್ಲಿ ಕ್ರಾಫರ್ಡ್. ಸ್ಟರ್ಲಿಂಗ್‌ನ ರ‍್ಯಾಂಡಲ್ ಮನೆಯವರದ್ದು ಇನ್ನೂ ಅನುಕೂಲ: ಮೊದಲು ಸಿ. ರ‍್ಯಾಂಡಲ್, ಆಮೇಲೆ ಎಂ. ರ‍್ಯಾಂಡಲ್. ಹೆಸರಿನ ಮೊದಲಕ್ಷರ ನೋಡಿದರೆ ಯಾವುದು ಮುಂಚಿನದು ಅಂತ ಗೊತ್ತಾಗುತ್ತೆ. ಬರೀ "ಪುಸ್ತಕ ವ್ಯಾಪಾರಿಗಳಿಗಾಗಿ ಗ್ಲಾಸ್ಗೋದಲ್ಲಿ ಅಚ್ಚಾಯಿತು" ಅಂತಿದ್ದರೆ ಸಾಮಾನ್ಯವಾಗಿ ಅದು 19ನೇ ಶತಮಾನದ್ದು.

ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣೋ ನೀರುಗುರುತಿನಲ್ಲಿ ಇಸವಿ ಕಂಡರೆ ಚಿನ್ನ. 1794ರ ಸುಂಕದ ಕಾನೂನು ಬಂದ ಮೇಲೆ ಕಾಗದ ಮಾಡೋರು ಗುರುತಿನಲ್ಲಿ ವರ್ಷ ಹಾಕೋ ರೂಢಿ ಬೆಳೀತು. ಆದರೆ ಅದು ಹೇಳೋದು "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ.

ಉದ್ದ ಎಸ್, ಅಂದರೆ ಎಫ್ ಥರ ಕಾಣೋ ಎಸ್, ಬ್ರಿಟನ್ನಿನ ಅಚ್ಚಿನಲ್ಲಿ 1800ರ ಆಸುಪಾಸಿನಲ್ಲಿ ಮಾಯವಾಯ್ತು. ಚಾಪ್‌ಬುಕ್‌ಗೆ ಈ ಗೆರೆಯನ್ನು ಗಟ್ಟಿಯಾಗಿ ಎಳೆಯಬೇಡಿ. ದೊಡ್ಡ ಪ್ರೆಸ್ ಬಿಸಾಕಿದ ಸವೆದ ಮೊಳೆಯೇ ಇವರ ಪಾಲಿಗೆ ಬರ್ತಿದ್ದದ್ದು, ಹಾಗಾಗಿ ಕೆಲವು ವರ್ಷ ತಡವಾಗಿಯೂ ಉದ್ದ ಎಸ್ ಸಿಗುತ್ತೆ.

ಸಾಲುಮರ:
ಕಾಗದಹುಳು ಅವರು ಚಿತ್ರದ ಬಗ್ಗೆ ಹೇಳಲಿಲ್ಲ. ಮುಖಪುಟದ ಮರದ ಬ್ಲಾಕಿನಲ್ಲಿ ಗಂಡು ಹೆಣ್ಣಿನ ಉಡುಪು ನೋಡಿ ಕಾಲ ಹೇಳಬಹುದಲ್ಲ?

ಕಾಗದಹುಳು:
ಆಗಲ್ಲ ಮೇಡಂ. ಅದೇ ದೊಡ್ಡ ಬಲೆ. ಬ್ಲಾಕ್ ಅಂದರೆ ಆಸ್ತಿ. ಕೈಯಿಂದ ಕೈಗೆ ಮಾರಾಟವಾಗಿ ಹಲವು ದಶಕ ದುಡಿಯುತ್ತಿತ್ತು. ಹಳೇ ಉಡುಪಿನ ದೊರೆಸಾನಿಯ ಚಿತ್ರ ಹೊಲ ಉಳುವ ಹುಡುಗನ ಹಾಡಿನ ಮೇಲೆ ಕೂತಿರುತ್ತೆ, ಹಡಗಿನ ಚಿತ್ರ ಗಿರಣಿಯವನ ಮಗಳ ಹಾಡಿನ ಮೇಲೆ. ಹಾಡಿಗೂ ಚಿತ್ರಕ್ಕೂ ಸಂಬಂಧ ಇದ್ದರೆ ಅದು ಅದೃಷ್ಟ.

ಬ್ಲಾಕ್ ಉಪಯೋಗಕ್ಕೆ ಬರೋದು ಬೇರೆ ರೀತಿ. ಮರ ಒಣಗಿ ಸೀಳು ಬಿಡುತ್ತೆ, ಹುಳು ತೂತು ಕೊರೆಯುತ್ತೆ. ಅಚ್ಚಿನಲ್ಲಿ ಸೀಳು ಬಿಳೀ ಗೆರೆಯಾಗಿ, ತೂತು ಬಿಳೀ ಚುಕ್ಕಿಯಾಗಿ ಕಾಣುತ್ತೆ. ಒಂದೇ ಬ್ಲಾಕಿನ ಎರಡು ಅಚ್ಚು ಪಕ್ಕಪಕ್ಕ ಇಟ್ಟು ನೋಡಿ: ಚುಕ್ಕಿ ಹೆಚ್ಚಿರೋದು, ಗೆರೆ ಉದ್ದ ಇರೋದು ಆಮೇಲಿನದ್ದು. ಒಂದರಲ್ಲಾದರೂ ಇಸವಿ ಇದ್ದರೆ ಇನ್ನೊಂದನ್ನು ಅದರ ಹಿಂದೆಯೋ ಮುಂದೆಯೋ ಇಡಬಹುದು. ಶಾಯಿ ಹೆಚ್ಚಾಗಿ ಮೆತ್ತಿದರೆ ಸಣ್ಣ ಚುಕ್ಕಿ ಮುಚ್ಚಿಹೋಗುತ್ತೆ, ಅಂಥ ಪ್ರತಿಯನ್ನು ನಂಬಿ ತೀರ್ಪು ಕೊಡಬೇಡಿ.

ಪಡುವಣ:
ನಾನು ಮೂರನೇ ಪ್ರಶ್ನೆಗೆ ಬರ್ತೀನಿ. ತೊರೆದಡ ಅವರೇ, "ಮಾತು ಕೊಟ್ಟ" ಅನ್ನೋ ಸಾಲನ್ನು ಹಗುರ ಮಾಡಿದರೆ ಹಾಡೇ ಕೈತಪ್ಪಿ ಹೋಗುತ್ತೆ.

ಆ ಕಾಲದ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಮದುವೆಗೆ ಪಾದ್ರಿ ಬೇಕಾಗಿರಲಿಲ್ಲ, ಅಪ್ಪ ಅಮ್ಮನ ಒಪ್ಪಿಗೆಯೂ ಬೇಕಾಗಿರಲಿಲ್ಲ. ಹುಡುಗನಿಗೆ 14, ಹುಡುಗಿಗೆ 12 ತುಂಬಿದರೆ ಸಾಕಿತ್ತು. ಈ ವಯಸ್ಸು ಏರಿದ್ದು 1929ರಲ್ಲಿ. ಇಬ್ಬರೂ "ಈಗ ನಾವು ಗಂಡ ಹೆಂಡತಿ" ಅಂತ ವರ್ತಮಾನ ಕಾಲದಲ್ಲಿ ಹೇಳಿಕೊಂಡರೆ ಮದುವೆ ಆದಂತೆ. "ಮದುವೆ ಆಗ್ತೀನಿ" ಅಂತ ಭವಿಷ್ಯದಲ್ಲಿ ಹೇಳಿ, ಆ ಮಾತನ್ನು ನಂಬಿ ಅವಳು ಹಾಸಿಗೆ ಹಂಚಿಕೊಂಡರೆ, ಆಗಲೂ ಕಾನೂನಿನ ಕಣ್ಣಿನಲ್ಲಿ ಮದುವೆಯ ದಾವೆ ಹೂಡಬಹುದಿತ್ತು. ಗಂಡ ಹೆಂಡತಿ ಅಂತ ಊರೆಲ್ಲ ನಂಬುವಂತೆ ಬಾಳಿದ್ದರೆ ಅದು ಮೂರನೇ ದಾರಿ. ಇವನ್ನು ಅಕ್ರಮ ಅಂತ ಕರೆಯುತ್ತಿದ್ದದ್ದು ಚರ್ಚಿನ ಕ್ರಮ ತಪ್ಪಿದ್ದಕ್ಕೆ, ಅಸಿಂಧು ಅನ್ನೋ ಅರ್ಥದಲ್ಲಿ ಅಲ್ಲ.

ತೊಡಕು ಇದ್ದದ್ದು ಪುರಾವೆಯಲ್ಲಿ. ಮಾತು ಕೊಟ್ಟದ್ದಕ್ಕೆ ಅವನದೇ ಬರಹ ಬೇಕು, ಇಲ್ಲಾ ಅವನೇ ಪ್ರಮಾಣ ಮಾಡಿ ಒಪ್ಪಬೇಕು. ಈಗ ಹಾಡುಗಳಿಗೆ ವಾಪಸ್ ಬನ್ನಿ. ಕಾಗದ ಬರೆದ, ಉಂಗುರ ಬಿಟ್ಟುಹೋದ, ಇಂಥವರ ಎದುರು ಕೈ ಹಿಡಿದ, ಬೈಬಲ್ ಮುಟ್ಟಿ ಹೇಳಿದ — ಒಂದೊಂದೂ ಸಾಕ್ಷಿಯ ಪಟ್ಟಿ. ಕೇಳುತ್ತಿದ್ದ ಹೊಲದಾಳು ಹುಡುಗಿಗೆ ಅದು ಅಲಂಕಾರ ಅಲ್ಲ. ಆದ್ದರಿಂದ ಅನುವಾದದಲ್ಲಿ ಕ್ರಿಯಾಪದದ ಕಾಲ ಕಾಪಾಡಿ. "ನೀನು ನನ್ನವಳು" ಅನ್ನೋದನ್ನು "ನೀನು ನನ್ನವಳಾಗುವೆ" ಅಂತ ಪ್ರಾಸಕ್ಕೋಸ್ಕರ ತಿರುಗಿಸಿದರೆ ಅವಳ ಮದುವೆಯನ್ನೇ ಮುರಿದ ಹಾಗೆ!

ಗಡಿ ದಾಟಿ ಓಡಿಬರೋ ಹಾಡುಗಳಿಗೂ ಇದೇ ಬೇರು. ಇಂಗ್ಲೆಂಡಿನಲ್ಲಿ 1753ರ ಮದುವೆ ಕಾನೂನು 1754ರ ಮಾರ್ಚ್ 25ರಿಂದ ಜಾರಿಗೆ ಬಂತು. 21 ತುಂಬದವರು ಚರ್ಚಿನ ಲೈಸನ್ಸ್ ಪಡೆದು ಮದುವೆಯಾಗಲು ಪೋಷಕರ ಒಪ್ಪಿಗೆ ಬೇಕೇ ಬೇಕಾಯ್ತು. ಸ್ಕಾಟ್ಲೆಂಡಿಗೆ ಅದು ಅನ್ವಯಿಸಲಿಲ್ಲ. ಗಡಿಯಂಚಿನ ಸ್ಕಾಟಿಷ್ ಹಳ್ಳಿ ಗ್ರೆಟ್ನಾ ಗ್ರೀನ್ ಹೆಸರು ಮಾಡಿದ್ದು ಹಾಗೆ. 1856ರಲ್ಲಿ 21 ದಿನ ಸ್ಕಾಟ್ಲೆಂಡಿನಲ್ಲಿ ನೆಲೆಸಿರಬೇಕು ಅಂತ ಷರತ್ತು ಬಂತು, ಬಾಯಿಮಾತಿನ ಮದುವೆ ನಿಂತದ್ದು 1940ರಲ್ಲಿ.

ಚರ್ಚಿನ ಸ್ಥಳೀಯ ಪಂಚಾಯತಿ, ಅದನ್ನು ಕರ್ಕ್ ಸೆಷನ್ ಅಂತಾರೆ, ಮಾತ್ರ ಸುಮ್ಮನಿರುತ್ತಿರಲಿಲ್ಲ. ದಂಡ ಹಾಕೋದು, ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಪಶ್ಚಾತ್ತಾಪದ ಮಣೆ ಮೇಲೆ ಕೂರಿಸೋದು. ಹಾಡಿನಲ್ಲಿ "ಸ್ಟೂಲ್" ಅಂತ ಬಂದರೆ ಅಡುಗೆಮನೆಯ ಮಣೆ ಅಂದುಕೊಂಡೀರಿ, ಜೋಪಾನ.

ಮಡಿಕೆ_ಎಂಟು:
ಆ ಮಣೆಯ ಮಜಾ ನೋಡಬೇಕು ಅಂದರೆ ಹಾಡು ಬಿಟ್ಟು ಗದ್ಯಕ್ಕೆ ಬನ್ನಿ. ಡೂಗಲ್ ಗ್ರಹಾಂ ಬರೆದ ಜಾಕಿ ಮತ್ತು ಮ್ಯಾಗಿಯ ಪ್ರಣಯ ಪ್ರಸಂಗ ಇಡೀ ಸಂಭಾಷಣೆ, ಕಾವ್ಯದ ಮುಲಾಜೇ ಇಲ್ಲ. ಈತ ಸ್ಟುವರ್ಟ್ ರಾಜಮನೆತನದ ಪರ ಎದ್ದ 1745ರ ದಂಗೆಯ ಸೇನೆಯ ಹಿಂದೆ ಅಲೆದು ಅದರ ಕಥೆಯನ್ನು ಪದ್ಯದಲ್ಲಿ ಬರೆದವನು, ಆಮೇಲೆ ಗ್ಲಾಸ್ಗೋ ನಗರದಲ್ಲಿ ಗಂಟೆ ಬಾರಿಸಿ ಸಾರುವವನಾದ, 1779ರಲ್ಲಿ ತೀರಿಕೊಂಡ. ಇಂಥ ಗದ್ಯ ಸಾಮಾನ್ಯವಾಗಿ 24 ಪುಟದ ಚಾಪ್‌ಬುಕ್, ಹನ್ನೆರಡು ಎಲೆಯಾಗಿ ಮಡಿಸಿದ ಒಂದು ಹಾಳೆ. ಹಾಡಿನಲ್ಲಿ ಕಣ್ಣೀರಿಡುವ ಹುಡುಗಿಯೇ ಇಲ್ಲಿ ಬಾಯಿಗೆ ಬಂದದ್ದು ಬೈತಾಳೆ. ಎರಡನ್ನೂ ಒಟ್ಟಿಗೆ ಓದದೆ ಅನುವಾದ ಮಾಡಿದರೆ ಹುಡುಗಿಯರೆಲ್ಲ ಅಳುಬುರುಕಿಯರೇ ಆಗಿಬಿಡ್ತಾರೆ.

ಸಾಲುಮರ:
ಪದಗಳ ವಿಷಯ ನನ್ನ ಪಾಲಿಗಿರಲಿ. ಸ್ಕಾಟ್ಸ್ ಭಾಷೆಯ ನಿಘಂಟುಗಳೆರಡನ್ನೂ ಸೇರಿಸಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ, ಡಿಎಸ್‌ಎಲ್ (ಡಿಕ್ಷನರೀಸ್ ಆಫ್ ದ ಸ್ಕಾಟ್ಸ್ ಲ್ಯಾಂಗ್ವೇಜ್) ಅಂತ ಹುಡುಕಿ. ಇಂಗ್ಲಿಷ್ ನಿಘಂಟು ಹಿಡಿದು ಕೂತರೆ ಮುಗೀತು ಕಥೆ. ಗೊತ್ತಿರೋ ಇಂಗ್ಲಿಷ್ ಪದದ ವೇಷದಲ್ಲಿ ಬರುವವೇ ಕಾಲು ಎಳೆಯೋದು.

"ಗ್ರೀಟ್" ಅಂದರೆ ನಮಸ್ಕಾರ ಅಲ್ಲ, ಅಳು. ಅವಳು ಬಾಗಿಲಲ್ಲಿ "ಗ್ರೀಟ್" ಮಾಡಿದಳು ಅಂದರೆ ಬಿಕ್ಕಿದಳು. "ಸಿಲ್ಲರ್" ಬೆಳ್ಳಿಯೂ ಹೌದು, ದುಡ್ಡೂ ಹೌದು. ಮುದುಕ ವರನ ಹಾಡಿನಲ್ಲಿ ಬಂದರೆ ದುಡ್ಡು ಅನ್ನಿ. "ಫೀ" ಅಂದರೆ ಆಳಿನ ಸಂಬಳ: ಆಳುಗಳನ್ನು ಆರು ತಿಂಗಳಿಗೆ ಗೊತ್ತು ಮಾಡೋ ಸಂತೆ ನಡೀತಿತ್ತು, ಗಡುವು ಮೇ 15ರ ವಿಟ್ಸನ್‌ಡೇ ಮತ್ತು ನವೆಂಬರ್ 11ರ ಮಾರ್ಟಿನ್‌ಮಸ್. ಮಾರ್ಟಿನ್‌ಮಸ್ ಬಂತು ಅಂತ ಹುಡುಗಿ ನಿಟ್ಟುಸಿರಿಟ್ಟರೆ ಚಳಿಗಲ್ಲ, ಹುಡುಗ ಬೇರೆ ಹೊಲಕ್ಕೆ ಹೋಗ್ತಾನೆ ಅಂತ. "ಸ್ನೂಡ್" ಮದುವೆಯಾಗದ ಹುಡುಗಿ ತಲೆಗೆ ಕಟ್ಟೋ ಪಟ್ಟಿ. ಅದು ಕಳೆದುಹೋಯಿತು ಅಂದರೆ ಏನು ಕಳೆಯಿತು ಅಂತ ಬಿಡಿಸಿ ಹೇಳೋದು ಬೇಡ.

"ಬೆನ್" ನೋಡಿ, ನನಗೆ ಇಷ್ಟದ ಪದ. ರೈತರ ಮನೆಗೆ ಎರಡೇ ಕೋಣೆ. ಹೊರಗಿನದು "ಬಟ್", ಒಲೆ ಅಡುಗೆ ಎಲ್ಲ ಅಲ್ಲೇ. ಒಳಗಿನದು "ಬೆನ್". ಬಂದ ಹುಡುಗನನ್ನು "ಕಮ್ ಬೆನ್" ಅಂದರೆ ಒಳಮನೆಗೆ ಕರೆದ ಹಾಗೆ, ಸಂಬಂಧಕ್ಕೆ ಅರ್ಧ ಒಪ್ಪಿದ ಹಾಗೆ. ಬರೀ "ಒಳಗೆ ಬಾ" ಸಾಲದು. "ನಡುಮನೆಗೆ ಬಾ" ಅಂದರೆ ನಮ್ಮವರಿಗೆ ತಟ್ಟನೆ ತಿಳಿಯುತ್ತೆ.

"ಟಾಖರ್" ಅಂದರೆ ಹೆಣ್ಣಿನ ಕಡೆಯಿಂದ ಬರೋ ವರದಕ್ಷಿಣೆ. ಇಲ್ಲಿ ಲೆಕ್ಕ ತಪ್ಪೋರು ಬಹಳ. ಮೊತ್ತ "ಮರ್ಕ್" ಲೆಕ್ಕದಲ್ಲಿರುತ್ತೆ. ಒಂದು ಮರ್ಕ್ ಅಂದರೆ 13 ಷಿಲಿಂಗ್ 4 ಪೆನ್ಸ್, ಆದರೆ ಸ್ಕಾಟ್ಸ್ ನಾಣ್ಯದಲ್ಲಿ. ಸ್ಕಾಟ್ಸ್ ಪೌಂಡು ಇಂಗ್ಲಿಷ್ ಪೌಂಡಿನ ಹನ್ನೆರಡನೇ ಒಂದು ಪಾಲು. ಹಾಗಾಗಿ ಮರ್ಕ್ ಇಂಗ್ಲಿಷ್ ಲೆಕ್ಕದಲ್ಲಿ ಹದಿಮೂರು ಪೆನ್ನಿ ಚಿಲ್ಲರೆ. ಐನೂರು ಮರ್ಕ್ ಟಾಖರ್ ಅಂದರೆ ಹೆಚ್ಚು ಕಡಿಮೆ 27 ಪೌಂಡ್ 15 ಷಿಲಿಂಗ್. ಇದನ್ನು 333 ಪೌಂಡ್ ಅಂತ ಅಡಿಟಿಪ್ಪಣಿ ಹಾಕಿದರೆ ರೈತನ ಮಗಳು ಜಮೀನ್ದಾರಿಣಿ ಆಗಿಬಿಡ್ತಾಳೆ.

ತೊರೆದಡ:
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಹಾಡಿನ ಧಾಟಿ ಎಲ್ಲಿ ಹುಡುಕೋದು? ಚಾಪ್‌ಬುಕ್‌ನಲ್ಲಿ ಸ್ವರಲಿಪಿ ಇಲ್ಲವಲ್ಲ. ಉದಾಹರಣೆಗೆ ಫೈವಿ ಊರಿನ ಆ್ಯಂಡ್ರೂ ಲ್ಯಾಮಿ ಹಾಡು.

ತೆನೆಗಾಳಿ:
ಇರಂಗಿಲ್ಲರೀ. ಸ್ವರದ ಮೊಳೆ ತುಟ್ಟಿ, ಕೊಳ್ಳೋರಿಗೂ ಓದಾಕ ಬರಂಗಿಲ್ಲ. "ಇಂಥಾ ಹಾಡಿನ ಧಾಟಿ" ಅಂತ ಒಂದು ಹೆಸರು ಇದ್ದರ ಪುಣ್ಯ. ಆ ಹೆಸರು ಹಿಡಕೊಂಡು ಜೇಮ್ಸ್ ಜಾನ್ಸನ್ ಎಡಿನ್‌ಬರೋದಾಗ 1787ರಿಂದ 1803ರ ತನಕ ಆರು ಸಂಪುಟದಾಗ ತಂದ 600 ಹಾಡು ನೋಡ್ರಿ, ಅದರಾಗ ಸ್ವರ ಅದಾವ. ಬರ್ನ್ಸ್ ಕವಿ ಕೂಡಿಸಿ ಕೊಟ್ಟಿದ್ದು ಬಾಳ ಅದರಾಗ. ಈಶಾನ್ಯ ಸ್ಕಾಟ್ಲೆಂಡಿನ ಹಾಡಾದ್ರ ಗ್ರೇಗ್ ಮತ್ತ ಡಂಕನ್ 20ನೇ ಶತಮಾನದ ಶುರುವಿಗೆ ಹಾಡವ್ರ ಬಾಯಿಂದ ಬರಕೊಂಡ ಸಂಗ್ರಹ ಐತಿ, ಎಂಟು ಸಂಪುಟ.

ಹೆಸರಿನ ಮ್ಯಾಲ ಹುಡುಕಬ್ಯಾಡ್ರಿ. ಊರಿಗೊಂದು ಹೆಸರು. ಜನಪದ ಹಾಡುಗಳ ರೌಡ್ ಸೂಚಿಯ ನಂಬರ್ ಹಿಡೀರಿ: ಆ್ಯಂಡ್ರೂ ಲ್ಯಾಮಿಗೆ ರೌಡ್ 98, ಚೈಲ್ಡ್ ಅನ್ನೋರ ಲಾವಣಿ ಸಂಗ್ರಹದಾಗ 233. ಬಾರ್ಬರಾ ಆ್ಯಲನ್ ರೌಡ್ 54, ಚೈಲ್ಡ್ 84. ನಂಬರ್ ಒಂದಾದ್ರ ಹೆಸರು ಏನರ ಇರವಲ್ದ್ಯಾಕ, ಹಾಡು ಒಂದ.

ಇನ್ನ ಆ್ಯಂಡ್ರೂ ಲ್ಯಾಮಿ. ಟಿಫ್ಟಿ ಗಿರಣಿಯವನ ಮಗಳು ಆ್ಯನಿ, ಫೈವಿ ದೊರೆಯ ಕಹಳೆಗಾರ ಆ್ಯಂಡ್ರೂ. ಮನಿಯವರು ಒಪ್ಪಂಗಿಲ್ಲ, ಅಣ್ಣನ ಕೈಯಾಗ ಬೆನ್ನೆಲುಬು ಮುರದು ಆಕಿ ಸಾಯ್ತಾಳ. ಫೈವಿ ಚರ್ಚಿನ ಅಂಗಳದಾಗ ಆ್ಯಗ್ನೆಸ್ ಸ್ಮಿತ್ ಅಂತ ಸಮಾಧಿ ಐತಿ, 1673ರ ಜನವರಿ 19 ಅಂತ ಕೊರದಾರ. ಕೋಟೆಯ ಬುರುಜಿನ ಮ್ಯಾಲ ಕಲ್ಲಿನ ಕಹಳೆಗಾರ ನಿಂತಾನ.

ಅನುವಾದಕ್ಕ ಒಂದು ಮಾತು. ಈ ಹಾಡಿನ ಎರಡನೇ, ನಾಕನೇ ಸಾಲು ಮುಗಿಯೂದು "ಫೈವಿ", "ಆ್ಯನಿ", "ಬಾನಿ" ಅಂತ ಒತ್ತಿಲ್ಲದ ಉಚ್ಚಾರದ ಮ್ಯಾಲ. ಇಂಗ್ಲಿಷಿನ್ಯಾಗ ಇದು ಹುಡುಕಿ ತರಬೇಕು, ಕನ್ನಡದಾಗ ಪುಕ್ಕಟೆ: ನಮ್ಮ ಪದ ಎಲ್ಲಾ ಸ್ವರದಾಗ ಮುಗೀತಾವ, ಒತ್ತು ಮುಂದ. ಹಂಗಾಗಿ ಅಂತ್ಯಪ್ರಾಸಕ್ಕ ಒದ್ದಾಡಬ್ಯಾಡ್ರಿ, ನಾಕು ಬಡಿತ, ಮೂರು ಬಡಿತ, ನಾಕು, ಮೂರು — ಇಷ್ಟು ಕಾಯಿರಿ. ಊರ ಹೆಸರು ತಗದು ನಮ್ಮೂರ ಹೆಸರು ಮಾತ್ರ ಹಾಕಬ್ಯಾಡ್ರಿ.

ಪಡುವಣ:
ಕೊನೇ ಮಾತಿಗೆ ನನ್ನ ತಕರಾರಿದೆ. ಬಿ.ಎಂ.ಶ್ರೀ ಅವರು ಗ್ಲಾಸ್ಗೋದ ತಾಮಸ್ ಕ್ಯಾಂಬೆಲ್‌ನ ಲಾರ್ಡ್ ಅಲಿನ್ ಮಗಳ ಕವಿತೆಯನ್ನು "ಕಾರಿಹೆಗ್ಗಡೆಯ ಮಗಳು" ಮಾಡಿದಾಗ ಊರು, ಹೆಸರು, ನೀರು ಎಲ್ಲವನ್ನೂ ಇತ್ತ ತಂದರು. ಅದೂ ಓಡಿಹೋಗೋ ಪ್ರೇಮಿಗಳ ಕಥೆಯೇ. ಶಾಲೆ ಮಕ್ಕಳ ಬಾಯಲ್ಲೂ ಅದು ನಿಂತಿತು.

ತೆನೆಗಾಳಿ:
ನಿಂತದ ಖರೆ. ಆದರ ಅದು ಒಬ್ಬ ಕವಿ ಬರದ ಕವಿತೆ, ಬೋರ್ಗರಿಯೂ ನೀರು, ದೋಣಿ, ಬೆನ್ನತ್ತಿದ ಅಪ್ಪ ಎಲ್ಲಿಗೆ ಒಯ್ದರೂ ನಡೀತೈತಿ. ಆ್ಯನಿ ಹಾಡಿಗೆ ಟಿಫ್ಟಿ, ಫೈವಿ ತಗದ್ರ ಉಳಿಯೂದೇನು? ಕೊಳ್ಳೋರು ಕೊಂಡದ್ದ ಆ ಗಿರಣಿ, ಆ ಸಮಾಧಿ ಕಂಡಿದ್ದಕ್ಕ.

ಪಡುವಣ:
ಚಾಪ್‌ಬುಕ್ ಹಾಡಿನ ಮಟ್ಟಿಗೆ ಒಪ್ಪಿದೆ.

ಕಾಗದಹುಳು:
ಹುಡುಕಾಟಕ್ಕೆ ಒಂದು ಉಪಾಯ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 3,000ಕ್ಕೂ ಹೆಚ್ಚು ಚಾಪ್‌ಬುಕ್ ಸ್ಕ್ಯಾನ್ ಮಾಡಿ ಇಟ್ಟಿದೆ. ಪಠ್ಯವನ್ನು ಯಂತ್ರ ಓದಿರೋದರಿಂದ ಉದ್ದ ಎಸ್ ಇದ್ದಲ್ಲೆಲ್ಲ ಎಫ್ ಆಗಿರಬಹುದು. "ಸ್ವೀಟ್" ಸಿಗದಿದ್ದರೆ "ಫ್ವೀಟ್" ಅಂತ, "ಲಾಸ್" (ಹುಡುಗಿ) ಸಿಗದಿದ್ದರೆ ಅದರ ಎರಡು ಎಸ್‌ಗಳಲ್ಲಿ ಮೊದಲನೆಯದರ ಜಾಗದಲ್ಲಿ ಎಫ್ ಹಾಕಿ ಹುಡುಕಿ. ಕ್ಯಾಟಲಾಗಿನಲ್ಲಿ ಇಸವಿ ಚೌಕ ಕಂಸದೊಳಗೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಗ್ರಂಥಪಾಲಕರ ಅಂದಾಜು, ಮುಖಪುಟದ್ದಲ್ಲ. ಇನ್ನೊಂದು, "ಸ್ಕಾಟಿಷ್ ಚಾಪ್‌ಬುಕ್" ಅಂದರೆ ಸ್ಕಾಟ್ಲೆಂಡಿನಲ್ಲಿ ಅಚ್ಚಾದದ್ದು ಅಂತಷ್ಟೇ. ಒಳಗೆ ಇಂಗ್ಲೆಂಡಿನ, ಐರ್ಲೆಂಡಿನ ಹಾಡುಗಳೂ ಧಾರಾಳ.

ತೊರೆದಡ:
ಮಡಿಕೆ_ಎಂಟು ಹೇಳಿದಂತೆ ನೋಡಿದೆ. ನನ್ನ ಎರಡನೇ ಪ್ರತಿಯಲ್ಲಿ ಹಾಡು 3ನೇ ಪುಟದಲ್ಲಿದೆ, ಕೊನೆಯಲ್ಲಲ್ಲ. ಆದರೂ ನಡುವೆ ಕಥೆ ಹಾರುತ್ತೆ: ಹುಡುಗಿ ಸತ್ತ ಮೇಲೆ ಮತ್ತೆ ಬಾಗಿಲು ತೆರೀತಾಳೆ.

ಮಡಿಕೆ_ಎಂಟು:
ಹಾಗಾದರೆ ಕತ್ತರಿಯಲ್ಲ, ಮಡಿಕೆ. ಪುಟಸಂಖ್ಯೆ ನೋಡಿ. ಒಳಗಿನ ಜೋಡಿ ಎಲೆಯನ್ನು ತಿರುಗಾಮುರುಗಾ ಮಡಿಸಿದರೆ ಕ್ರಮ 1, 2, 5, 6, 3, 4, 7, 8 ಅಂತಾಗುತ್ತೆ. ಒಳಗಿನದನ್ನು ಹೊರಗೆ ಹಾಕಿದರೆ 3, 4, 1, 2, 7, 8, 5, 6. ಆ ಜೋಡಿ ಎಲೆಯೇ ಬಿದ್ದುಹೋಗಿದ್ದರೆ 1, 2, 7, 8 ಮಾತ್ರ ಉಳಿದು ನಾಲ್ಕು ಪುಟದ ಪುಸ್ತಕದ ಹಾಗೆ ಕಾಣುತ್ತೆ. ಹಲವು ಚಾಪ್‌ಬುಕ್ ಸೇರಿಸಿ ರಟ್ಟು ಕಟ್ಟಿಸಿದ ಸಂಪುಟಗಳಲ್ಲಿ ಇದು ಸುಲಭವಾಗಿ ಆಗಿಬಿಡುತ್ತೆ. ಪುಟಸಂಖ್ಯೆ ಅಂಚಿನ ಕತ್ತರಿಗೆ ಸಿಕ್ಕು ಹೋಗಿದ್ದರೆ ಪುಟದ ಅಡಿಯಲ್ಲಿರೋ ಕ್ಯಾಚ್‌ವರ್ಡ್ ಮುಂದಿನ ಪುಟದ ಮೊದಲ ಪದಕ್ಕೆ ಕೂಡುತ್ತದಾ ನೋಡಿ.

ತೊರೆದಡ:
ಸಂಖ್ಯೆ ಇದೆ. 1, 2, 5, 6, 3, 4, 7, 8.

ಮಡಿಕೆ_ಎಂಟು:
3 ಮತ್ತು 4 ಅನ್ನು 2ರ ಪಕ್ಕ ಇಟ್ಟು ಓದಿ, ಆಮೇಲೆ ಮೊದಲನೇ ಪ್ರತಿಯ ಜೊತೆ ಚರಣ ಎಣಿಸಿ.